ಹಟ್ಟಿ ಕಾಯುವ ನಾಯಿಗಳಿಗೆ ಹಸಿ ಮಾಂಸ ಹಾಕಬಹುದೇ?

ಶಿರಹಟ್ಟಿ ಮಾಸ್ತರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಕುರಿ ಸಾಕಣೆ ನಮ್ಮ ತಂದೆಯವರದು. ಶಿರಹಟ್ಟಿ ತಾಲೂಕಿನ ನಮ್ಮ ಹಟ್ಟಿಯಲ್ಲಿ ಸುಮಾರು 140 ಕುರಿಗಳಿವೆ, ಅವುಗಳನ್ನು ಕಾಯುವುದಕ್ಕೆ ಎರಡು ದೊಡ್ಡ ನಾಯಿಗಳೂ ನಾಲ್ಕು ತಿಂಗಳ ಒಂದು ಮರಿಯೂ ಇವೆ. ಕಪ್ಪತಗುಡ್ಡದ ಸೆರಗಿನಲ್ಲಿ ಮೇಯಿಸುವವರಿಗೆ ತೋಳದ ಕಾಟ ಹೊಸದಲ್ಲವಾದ್ದರಿಂದ ಈ ನಾಯಿಗಳು ನಮಗೆ ಶೋಕಿಯವಲ್ಲ. ಹಗಲೆಲ್ಲ ಹಿಂಡಿನ ಜೊತೆ ನಡೆದು, ರಾತ್ರಿಯೆಲ್ಲ ಕುರಿ ಕೂಡುವ ದಡ್ಡಿಯ ಸುತ್ತ ಎಚ್ಚರವಿದ್ದು ದುಡಿಯುವ ಆಳುಗಳು.

ಈವರೆಗೆ ಅವುಗಳಿಗೆ ಜೋಳದ ನುಚ್ಚು, ತಂಗಳ ರೊಟ್ಟಿ, ಮಜ್ಜಿಗೆ ಮತ್ತು ಹಬ್ಬಕ್ಕೊಮ್ಮೆ ಎಲುಬು ಸಿಗುತ್ತಿತ್ತು. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನ ವಾದ ಬೇರೆ. ನಾಯಿ ತೋಳದ ಕುಲದ್ದು, ಕಾಳು ಅರಗಿಸುವ ಹೊಟ್ಟೆ ಅದಕ್ಕಿಲ್ಲ, ದುಡಿಯುವ ನಾಯಿಗೆ ಹಸಿ ಮಾಂಸವೇ ಸರಿಯಾದ ಆಹಾರ ಎಂದು ಅವನು ಹಲವು ವಿಡಿಯೊಗಳನ್ನು ತೋರಿಸಿದ ಮೇಲೆ, ಎರಡು ತಿಂಗಳಿಂದ ನಾನು ಪೇಟೆಯ ಒಂದು ಮಟನ್ ಅಂಗಡಿಯಿಂದ ದಿನಕ್ಕೆ ಎರಡು ಕಿಲೊದಷ್ಟು ಉಳಿಕೆ ತಂದು ಹಸಿಯಾಗಿಯೇ ಹಾಕುತ್ತಿದ್ದೇನೆ. ಅದರಲ್ಲಿ ಹೆಚ್ಚಾಗಿ ಪುಪ್ಪುಸ, ಗಂಟಲು, ನೀರುಗುಳ್ಳೆ ಎದ್ದಿದ್ದರಿಂದ ಮಾರಲು ಬಾರದ ಕಲಿಜದ ತುಂಡುಗಳು, ಕೆಲವೊಮ್ಮೆ ಇಡೀ ತಲೆ ಇರುತ್ತದೆ. ಮರಿಗೆ ಮಾತ್ರ ಎಲುಬಿಲ್ಲದ ಮೆತ್ತನೆಯ ಮಾಂಸವನ್ನು ಆರಿಸಿ ಕೊಡುತ್ತಿದ್ದೇನೆ. ದೊಡ್ಡ ನಾಯಿಗಳ ಕೂದಲು ಮಿರುಗತೊಡಗಿದೆ, ಅವು ಮೊದಲಿಗಿಂತ ಚುರುಕಾಗಿವೆ ಎಂದು ನನಗೆ ಅನ್ನಿಸುತ್ತದೆ.

ತಂದೆಯವರು ಇದನ್ನು ಒಪ್ಪುತ್ತಿಲ್ಲ. ಹಸಿ ಮಾಂಸದ ರುಚಿ ಹತ್ತಿದ ನಾಯಿ ಒಂದು ದಿನ ನಮ್ಮ ಕುರಿಮರಿಗೇ ಬಾಯಿ ಹಾಕುತ್ತದೆ ಎಂಬುದು ಅವರ ಭಯ. ತಮ್ಮ ಹೇಳುವುದು ಸರಿಯೋ, ತಂದೆಯವರು ಹೇಳುವುದು ಸರಿಯೋ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.


ನಿವೃತ್ತ ಪಶುವೈದ್ಯ, ಹಾವೇರಿ

ಮಾಸ್ತರೇ, ತಮ್ಮನ ಮತ್ತು ತಂದೆಯವರ ವಾದವನ್ನು ಸ್ವಲ್ಪ ಬದಿಗಿಡೋಣ. ನೀರುಗುಳ್ಳೆ ಎದ್ದ ಕಲಿಜ ಎಂದು ಬರೆದಿದ್ದೀರಲ್ಲ, ಅದನ್ನು ಹಾಕುವುದನ್ನು ಇಂದೇ, ಈ ಹೊತ್ತಿನ ಊಟದಿಂದಲೇ ನಿಲ್ಲಿಸಿ.

ಕುರಿಯ ಯಕೃತ್ತಿನಲ್ಲಿ ಅಥವಾ ಪುಪ್ಪುಸದಲ್ಲಿ ಕಾಣುವ ನೀರು ತುಂಬಿದ ಬಿಳಿ ಗುಳ್ಳೆ ಬಹಳ ಸಲ ಹೈಡಾಟಿಡ್ ಗುಳ್ಳೆಯಾಗಿರುತ್ತದೆ. ಎಕೈನೊಕಾಕಸ್ ಎಂಬ ಅತಿ ಸಣ್ಣ ಲಾಡಿಹುಳುವಿನ ಮರಿಗಳು ಅದರೊಳಗೆ ಸಾವಿರಗಟ್ಟಲೆ ಇರುತ್ತವೆ. ನಾಯಿ ಆ ಗುಳ್ಳೆಯನ್ನು ಹಸಿಯಾಗಿ ತಿಂದರೆ ಅವು ಅದರ ಸಣ್ಣಕರುಳಿನಲ್ಲಿ ಬೆಳೆದು, ಸುಮಾರು ಆರೇಳು ವಾರಗಳಲ್ಲಿ ಮೊಟ್ಟೆ ಹೊರಹಾಕಲು ಶುರುಮಾಡುತ್ತವೆ. ಹುಳು ಕೆಲವೇ ಮಿಲಿಮೀಟರ್ ಉದ್ದವಿರುವುದರಿಂದ ಮಲದಲ್ಲಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ನಾಯಿಗೂ ಏನೂ ತೊಂದರೆಯಾಗುವುದಿಲ್ಲ. ಕೂದಲು ಮಿರುಗುತ್ತಲೇ ಇರುತ್ತದೆ. ಆ ಮಲ ಬಿದ್ದ ಹುಲ್ಲನ್ನು ಮೇದ ಕುರಿಯಲ್ಲಿ ಮತ್ತೆ ಗುಳ್ಳೆ ಏಳುತ್ತದೆ. ನಾಯಿಯ ಮೈ ಸವರಿದ ಕೈಯನ್ನು ತೊಳೆಯದೆ ಬಾಯಿಗಿಟ್ಟ ಮಗುವಿನ ಯಕೃತ್ತಿನಲ್ಲಿಯೂ ಏಳುತ್ತದೆ. ಮನುಷ್ಯರಲ್ಲಿ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕಡೆಗೆ ಶಸ್ತ್ರಚಿಕಿತ್ಸೆಯವರೆಗೆ ಹೋಗುವುದುಂಟು. ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದುತ್ತೇನೆ: ಗುಳ್ಳೆಯಿದ್ದ ಕುರಿಯ ಮಾಂಸ ತಿಂದವರಿಗೆ ಈ ರೋಗ ಬರುವುದಿಲ್ಲ, ನಾಯಿಯ ಹೊಟ್ಟೆಯನ್ನು ಹಾದು ಬಂದ ಮೊಟ್ಟೆಯಿಂದ ಬರುತ್ತದೆ.

ತಲೆಯ ಕಥೆ ಬೇರೆ. ಕುರಿಯೊಂದು ಹಿಂಡಿನಿಂದ ಹೊರಬಿದ್ದು, ಕತ್ತನ್ನು ಒಂದೇ ಕಡೆ ವಾಲಿಸಿ, ಗಿರಗಿರನೆ ಸುತ್ತು ಹೊಡೆಯುತ್ತ ಕೃಶವಾಗುವುದನ್ನು ತಮ್ಮ ತಂದೆಯವರು ಖಂಡಿತ ನೋಡಿರುತ್ತಾರೆ. ಅದರ ಮಿದುಳಿನಲ್ಲಿ ಟೀನಿಯಾ ಮಲ್ಟಿಸೆಪ್ಸ್ ಎಂಬ ಇನ್ನೊಂದು ಲಾಡಿಹುಳುವಿನ ಗುಳ್ಳೆ ಕೂತಿರುತ್ತದೆ. ಅಂಥ ಕುರಿಯ ತಲೆಯನ್ನು ಒಡೆದು ನಾಯಿಗೆ ಹಾಕಿದರೆ, ಮುಂದಿನ ವರ್ಷ ಹಿಂಡಿನ ಎಳೆಯ ಮರಿಗಳಲ್ಲಿ ಇನ್ನಷ್ಟು ಸುತ್ತುತ್ತವೆ. ಹಾವೇರಿ, ರಾಣೇಬೆನ್ನೂರು ಕಡೆಯ ಹಟ್ಟಿಗಳಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ, ಸುತ್ತುವ ಕುರಿಯನ್ನು ಕೊಯ್ದು ಅದರ ತಲೆಯನ್ನು ನಾಯಿಯ ಮುಂದೆ ಎಸೆದು, ಬಳಿಕ ದೇವರಿಗೆ ಹರಕೆ ಹೊತ್ತವರನ್ನು ಎಷ್ಟೋ ಸಲ ಕಂಡಿದ್ದೇನೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ, ಆದರೆ ತಲೆಯನ್ನು ಎಸೆಯಬಾರದಾಗಿತ್ತು.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಮೂರೂ ನಾಯಿಗಳನ್ನು ತೂಗಿ, ಕಿಲೊ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ತಮ್ಮ ಪಶು ಆಸ್ಪತ್ರೆಯ ವೈದ್ಯರ ಸಲಹೆಯಂತೆ ಕೊಡಿಸಿ. ಕುರಿಗೆಂದು ತಂದಿಟ್ಟ ಜಂತುನಾಶಕವನ್ನೇ ನಾಯಿಗೂ ಕುಡಿಸುವ ರೂಢಿ ನಮ್ಮಲ್ಲಿದೆ. ಈ ಹುಳುವಿಗೆ ಅದನ್ನು ನಂಬುವಂತಿಲ್ಲ. ಪ್ರಾಜಿಕ್ವಾಂಟೆಲ್ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ಮಾತ್ರೆ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಗಳನ್ನು ಕಟ್ಟಿಹಾಕಿ, ಆ ಮಲವನ್ನು ಸುಡಿ ಇಲ್ಲವೆ ಆಳವಾಗಿ ಹೂಳಿ. ಹಸಿ ಅಂಗಾಂಗ ಬಾಯಿಗೆ ಬೀಳುವ ಸಂಭವವಿದ್ದಷ್ಟು ಕಾಲ ಆರು ವಾರಕ್ಕೊಮ್ಮೆ ಇದನ್ನು ಮಾಡಬೇಕು.

ನ್ಯೂಜಿಲೆಂಡಿನ ಉದಾಹರಣೆ ತಮ್ಮ ತಮ್ಮನಿಗೆ ಹಿಡಿಸಬಹುದು. ಕುರಿಗಳೂ, ದುಡಿಯುವ ನಾಯಿಗಳೂ ಹೇರಳವಾಗಿರುವ ಆ ನಾಡಿನಲ್ಲಿ ನಾಯಿಗೆ ಹಸಿ ಅಂಗಾಂಗ ಹಾಕುವುದನ್ನು ಕಾನೂನಿನಿಂದ ತಡೆದು, ನಾಯಿಗಳಿಗೆ ತಪ್ಪದೆ ಔಷಧ ಕೊಟ್ಟು, ದಶಕಗಳ ಬಳಿಕ 2002ರಲ್ಲಿ ದೇಶವು ಈ ರೋಗದಿಂದ ಬಹುಮಟ್ಟಿಗೆ ಮುಕ್ತವಾಯಿತೆಂದು ಘೋಷಿಸಿದರು. ಅಲ್ಲಿಯ ಕುರಿನಾಯಿಗಳು ಅದರಿಂದ ಸೋಮಾರಿಗಳೇನೂ ಆಗಲಿಲ್ಲ.

ಇನ್ನೊಂದು ಮಾತು: ಆ ಮರಿಯ ಮುಂಗಾಲುಗಳು ನೆಟ್ಟಗಿವೆಯೇ? ನೋಡಿ ತಿಳಿಸಿ.


ಹಟ್ಟಿಯವಳು, ರೋಣ

ಡಾಕ್ಟರ ಮಾತು ಸರಿ, ಆದರೆ ಅವರು ಆಸ್ಪತ್ರೆಯಲ್ಲಿ ಕೂತು ಹೇಳುವುದನ್ನು ನಾವು ಬಯಲಿನಲ್ಲಿ ಮಾಡಬೇಕಾಗುತ್ತದೆ. ದೀಪಾವಳಿ ಮುಗಿದ ಮೇಲೆ ಊರು ಬಿಟ್ಟು ಹೊರಟರೆ, ಇಂದು ಒಬ್ಬರ ಹೊಲದಲ್ಲಿ ರಾತ್ರಿಗೆ ಕುರಿ ತರುಬಿದರೆ (ಕೂಡಿಹಾಕಿದರೆ) ನಾಳೆ ಇನ್ನೊಬ್ಬರ ಹೊಲ. ನಮ್ಮ ಅನ್ನ ಬೇಯಿಸುವುದಕ್ಕೇ ಕಟ್ಟಿಗೆ ಹುಡುಕಬೇಕು. ನಾಲ್ಕು ನಾಯಿಗಳಿಗೆ ಮಾಂಸ ಬೇಯಿಸಲು ಸೌದೆ ಎಲ್ಲಿಂದ ತರುವುದು? ಹಾಗಾಗಿ ನಾನು ಹಸಿಯದನ್ನು ಪೂರ್ತಿ ಬಿಟ್ಟಿಲ್ಲ. ನಾವೇ ಕೊಯ್ದ ಆರೋಗ್ಯದ ಕುರಿಯ ಕಾಲು, ಕುತ್ತಿಗೆಯ ಎಲುಬು, ಮಾಂಸದ ಚೂರು ಇವುಗಳನ್ನು ಕೊಡುತ್ತೇನೆ. ಒಳಗಿನದನ್ನು ಮಾತ್ರ ಕೊಡುವುದಿಲ್ಲ. ಬೇಯಿಸಿದ ಎಲುಬಿಗಿಂತ ಹಸಿ ಎಲುಬು ವಾಸಿ ಎಂಬುದು ನನ್ನ ಅನುಭವ: ಬೆಂದ ಎಲುಬು ಸೀಳಿ ಸೂಜಿಯಂತಾಗಿ, ನಮ್ಮ ಒಂದು ನಾಯಿಯ ಗುದದ್ವಾರದಲ್ಲಿ ಸಿಕ್ಕಿ ಅದು ಮೂರು ದಿನ ಒದ್ದಾಡಿತು.

ಮಾಸ್ತರ ತಂದೆಯವರ ಭಯಕ್ಕೆ ನನ್ನ ಉತ್ತರವಿಷ್ಟೆ. ಮಾಂಸ ತಿಂದ ಮಾತ್ರಕ್ಕೆ ನಾಯಿ ಕುರಿಗೆ ಬಾಯಿ ಹಾಕುವುದಿಲ್ಲ. ಎಳೆಯದರಲ್ಲಿ ಕುರಿಮರಿಯನ್ನು ಆಟಕ್ಕೆ ಬೆನ್ನಟ್ಟಿದಾಗ ನಕ್ಕು ಸುಮ್ಮನಿದ್ದರೆ ಅದು ಕೆಡುತ್ತದೆ. ಹೊಟ್ಟೆಗೆ ಸಾಲದ ನಾಯಿಯೂ ಕೆಡುತ್ತದೆ. ದಡ್ಡಿಯೊಳಗೆ ಸತ್ತು ಬಿದ್ದ ಮರಿಯನ್ನು ಅಲ್ಲಿಯೇ ಹರಿದು ತಿನ್ನಲು ಬಿಟ್ಟರೆ ಕೆಡದೆ ಇನ್ನೇನಾಗುತ್ತದೆ? ತುಪ್ಪಟವಿದ್ದ ಕುರಿಯೇ ಊಟ ಎಂದು ನಾವೇ ಕಲಿಸಿದಂತಾಗುತ್ತದೆ. ಸತ್ತದ್ದನ್ನು ದೂರ ಒಯ್ದು ಹೂಳಬೇಕು, ಮೇಲೆ ಬಳ್ಳಾರಿ ಜಾಲಿಯ ಮುಳ್ಳು ಹೇರಬೇಕು, ಇಲ್ಲದಿದ್ದರೆ ನಾಯಿಗಳು ರಾತ್ರಿಯಲ್ಲಿ ಕೆದರುತ್ತವೆ.

ಡಾಕ್ಟರಿಗೆ ನನ್ನದೊಂದು ಪ್ರಶ್ನೆ ಇದೆ. ಕುರಿ ಈದಾಗ ಬೀಳುವ ಮಾಸನ್ನು ನಮ್ಮ ಹಿರಿಯರು ನಾಯಿಗೇ ಬಿಡುತ್ತಿದ್ದರು. ಅದೂ ತಪ್ಪೇ?


ನಿವೃತ್ತ ಪಶುವೈದ್ಯ, ಹಾವೇರಿ

ತಾಯಿ, ಬಯಲಿನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಿಮ್ಮ ಕ್ರಮದಲ್ಲಿ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ. ಬೇಯಿಸಲು ಆಗದಿದ್ದರೆ ಒಳಗಿನದನ್ನೂ ತಲೆಯನ್ನೂ ಬಿಟ್ಟು ಬರೀ ಮಾಂಸಖಂಡ ಕೊಡುವುದು ಎಷ್ಟೋ ವಾಸಿ. ಮಾಂಸಖಂಡದಲ್ಲಿಯೂ ಬೇರೊಂದು ಲಾಡಿಹುಳುವಿನ ಸಣ್ಣ ಗುಳ್ಳೆಗಳು ಇರುವುದುಂಟು, ಆದರೆ ಅದು ಮನುಷ್ಯರಿಗೆ ತಗಲುವಂಥದ್ದಲ್ಲ. ಎಲುಬಿನ ವಿಷಯದಲ್ಲಿ ಅರ್ಧ ಒಪ್ಪಿಗೆ: ಹಸಿ ಎಲುಬು ಸೀಳುವುದು ಕಡಿಮೆ, ಆದರೆ ಕಾಲಿನ ಗಟ್ಟಿ ನಳಿಯನ್ನು ಕಡಿದು ಕೋರೆಹಲ್ಲಿನ ಹಿಂದಿನ ದೊಡ್ಡ ಹಲ್ಲು ಮುರಿದುಕೊಂಡ ನಾಯಿಗಳನ್ನು ನೋಡಿದ್ದೇನೆ.

ಮಾಸು ಖಂಡಿತ ಬೇಡ. ಕುರಿ ಮೇಕೆಗಳಲ್ಲಿ ಕಂದು ಹಾಕಿಸುವ, ಎಂದರೆ ಗರ್ಭ ಇಳಿಸುವ, ಬ್ರುಸೆಲ್ಲಾ ರೋಗಾಣುಗಳು ಮಾಸಿನಲ್ಲಿ ತುಂಬಿರಬಹುದು. ಅದನ್ನು ತಿಂದ ನಾಯಿ ಎಳೆದಾಡಿ ರೋಗವನ್ನು ಹಟ್ಟಿಯೆಲ್ಲ ಹರಡುತ್ತದೆ, ಬರಿಗೈಯಲ್ಲಿ ಮುಟ್ಟಿದ ನಿಮಗೂ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ಅಂಟಬಹುದು. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು ಎತ್ತಿ ಹೂಳಿ. ಹಾಗೆಯೇ, ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಸೋರುವ ಕುರಿಯನ್ನು ಕೊಯ್ಯಲೇಬಾರದು, ನಾಯಿಗೆ ಹಾಕಲೂಬಾರದು. ಅದು ನೆರಡಿ ರೋಗ, ಎಂದರೆ ಆಂಥ್ರಾಕ್ಸ್ ಇರಬಹುದು. ಮೊದಲು ಪಶು ಆಸ್ಪತ್ರೆಗೆ ತಿಳಿಸಬೇಕು.


ಕರಿಮಣ್ಣು, ನವಲಗುಂದ

ನಾನು ಮುಧೋಳದ ಕಡೆಯಿಂದ ತಂದ ಎರಡು ನಾಯಿಗಳನ್ನು ಹೊಲದ ಕಾವಲಿಗೆ ಸಾಕಿದ್ದೇನೆ. (ಮೊಲದ ಬೇಟೆಗೆಂದು ಯಾರೂ ತಪ್ಪು ತಿಳಿಯಬಾರದು; ಅದು ಅಪರಾಧ.) ರೋಗದ ಮಾತನ್ನು ಡಾಕ್ಟರು ಹೇಳಿದ್ದಾರೆ, ನಾನು ಮಾಸ್ತರ ತಮ್ಮನ ವಾದಕ್ಕೆ ಬರುತ್ತೇನೆ, ಏಕೆಂದರೆ ನಾನೂ ಒಂದು ಕಾಲದಲ್ಲಿ ಅದೇ ವಾದ ಮಾಡುತ್ತಿದ್ದೆ.

ನಾಯಿಗೆ ಕಾಳು ಅರಗುವುದಿಲ್ಲ ಎಂಬುದು ಸುಳ್ಳು. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವದ ಜೀನು ತೋಳದಲ್ಲಿ ಎರಡು ಪ್ರತಿಗಳಷ್ಟಿದ್ದರೆ, ನಾಯಿಗಳಲ್ಲಿ ಅದರ ಎಷ್ಟೋ ಪಟ್ಟು ಇದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸಾವಿರಾರು ವರ್ಷ ಮನುಷ್ಯರ ಬಾಗಿಲಲ್ಲಿ ರೊಟ್ಟಿ, ಅಂಬಲಿ ತಿಂದು ಬದುಕಿದ ಪ್ರಾಣಿಯ ಹೊಟ್ಟೆ ತೋಳದ ಹೊಟ್ಟೆಯಾಗಿ ಉಳಿದಿಲ್ಲ. ಆದರೆ ನುಚ್ಚು ಚೆನ್ನಾಗಿ ಬೆಂದಿರಬೇಕು. ಅರೆಬೆಂದದ್ದು ಹಾಗೆಯೇ ಹಿಂದಿನಿಂದ ಹೊರಬರುತ್ತದೆ.

ಓಡುವ ನಾಯಿಗೆ ಮಾಂಸ ಹೆಚ್ಚಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಮುಧೋಳದ ನಾಯಿಯಂತೆಯೇ ಬೇಟೆಯ ಮೇಲೆ ಕಣ್ಣಿಟ್ಟು ಓಡುವ ಗ್ರೇಹೌಂಡ್ ನಾಯಿಗಳ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಹಾರದ ಶಕ್ತಿಯಲ್ಲಿ ಪ್ರೋಟೀನಿನ ಪಾಲನ್ನು ಶೇ. 24ರಿಂದ 37ಕ್ಕೆ ಏರಿಸಿ ಪಿಷ್ಟವನ್ನು ಇಳಿಸಿದಾಗ ನಾಯಿಗಳ ಓಟ ತುಸು ನಿಧಾನವಾಯಿತು. ದಿನವಿಡೀ ನಡೆಯುವ ನಾಯಿಗೆ ಬೇಕಾದದ್ದು ಮುಖ್ಯವಾಗಿ ಕೊಬ್ಬು. ಅಲಾಸ್ಕಾದ ಹಿಮದಲ್ಲಿ ಜಾರುಬಂಡಿ ಎಳೆಯುವ ನಾಯಿಗಳು ದಿನಕ್ಕೆ ಹತ್ತು ಸಾವಿರ ಕ್ಯಾಲೊರಿಯವರೆಗೆ ತಿನ್ನುವುದುಂಟು, ಅದರ ದೊಡ್ಡ ಪಾಲು ಕೊಬ್ಬಿನಿಂದ ಬರುತ್ತದೆ. ಅಲ್ಲಿ ಹಸಿ ಮಾಂಸ ಹೊರಗಿಟ್ಟರೂ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಗದಗಿನ ಬಿಸಿಲಿನಲ್ಲಿ, ಬೈಕಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ಒಂದು ಗಂಟೆ ಬಂದ ಪುಪ್ಪುಸ ಏನಾಗಿರುತ್ತದೆ ಎಂಬುದನ್ನು ಮಾಸ್ತರು ಮೂಗಿನಿಂದಲೇ ತಿಳಿದಿರಬೇಕು. ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ನಾಯಿ ತಾನು ಹಾಸಿಗೆ ಹಿಡಿಯದೆ ಹೊತ್ತು ತಿರುಗುತ್ತದೆ. ಭೇದಿಯಾಗುವುದು ಅದರ ತಟ್ಟೆ ತೊಳೆದವರಿಗೆ.

ನನ್ನ ಲೆಕ್ಕವನ್ನು ಬರೆಯುತ್ತೇನೆ. 24 ಕಿಲೊ ತೂಗುವ ನಾಯಿಗೆ ಸುಮ್ಮನೆ ಮಲಗಿರಲು ದಿನಕ್ಕೆ ಸುಮಾರು 760 ಕ್ಯಾಲೊರಿ ಬೇಕು. ಹಿಂಡಿನ ಜೊತೆ ನಡೆದರೆ ಅದರ ಎರಡು, ಎರಡೂವರೆ ಪಟ್ಟು ಎಂದು ಹಿಡಿಯುತ್ತೇನೆ. 200 ಗ್ರಾಂ ಜೋಳದ ನುಚ್ಚು, 400 ಗ್ರಾಂ ಎಲುಬಿಲ್ಲದ ಮಾಂಸ, ಎರಡು ತತ್ತಿ, ಎರಡು ಚಮಚ ಎಣ್ಣೆ ಅಥವಾ ಕುರಿಯ ಕೊಬ್ಬು, ಒಂದು ದೊಡ್ಡ ಲೋಟ ಹಾಲು, ಇಷ್ಟಕ್ಕೆ ಸರಿಸುಮಾರು 1700 ಕ್ಯಾಲೊರಿಯಾಗುತ್ತದೆ. ತತ್ತಿಯ ಸಿಪ್ಪೆಯನ್ನು ಒಣಗಿಸಿ ನುಣ್ಣಗೆ ಕುಟ್ಟಿ ಒಂದು ಟೀ ಚಮಚ ಬೆರೆಸಿದರೆ ದೊಡ್ಡ ನಾಯಿಯ ಸುಣ್ಣಾಂಶ ನೀಗುತ್ತದೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು, ಅಷ್ಟು ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತೇನೆ. ಆದರೂ ಮುಧೋಳದ ತಳಿಯ ಮೈ ಸ್ವಭಾವತಃ ತೆಳ್ಳಗೆ, ಅದನ್ನು ಕಂಡು ಹೊಟ್ಟೆಗೆ ಹಾಕುವುದಿಲ್ಲವೇನೋ ಎಂದು ನೆಂಟರು ಕೇಳುತ್ತಲೇ ಇರುತ್ತಾರೆ. ಮನೆಯ ಮಟನ್ ಸಾರು ಉಳಿದರೆ ಹಾಕಬೇಡಿ. ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ದೊಡ್ಡ ಊಟವನ್ನು ಸಂಜೆ, ಹಿಂಡು ದಡ್ಡಿ ಸೇರಿ ನಾಯಿ ದಣಿವಾರಿಸಿಕೊಂಡ ಮೇಲೆ ಕೊಡಿ, ಬೆಳಿಗ್ಗೆ ಹೊರಡುವ ಮುನ್ನ ಅಂಬಲಿಯಷ್ಟೇ ಸಾಕು.


ಶಿರಹಟ್ಟಿ ಮಾಸ್ತರ

ಎಲ್ಲರಿಗೂ ಕೃತಜ್ಞತೆಗಳು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ: ಡಾಕ್ಟರು ಕೇಳಿದ ಮೇಲೆ ನೋಡಿದರೆ ಮರಿಯ ಮುಂಗಾಲುಗಳು ಹೊರಗೆ ಬಾಗಿವೆ, ಓಡಲು ಹೋದರೆ ಕುಂಯ್‌ಗುಡುತ್ತದೆ. ಅತಿ ಒಳ್ಳೆಯ ಮಾಂಸವನ್ನು ಅದಕ್ಕೇ ಆರಿಸಿ ಕೊಟ್ಟಿದ್ದೆನಲ್ಲ, ಹೀಗೇಕಾಯಿತು? ಇನ್ನೊಂದು ಪ್ರಶ್ನೆ: ಮನೆಯಲ್ಲಿ ಫ್ರಿಜ್ ಇದೆ, ಮಾಂಸವನ್ನು ಹೆಪ್ಪುಗಟ್ಟಿಸಿ ಕೊಟ್ಟರೆ ಬೇಯಿಸುವ ಶ್ರಮ ತಪ್ಪುವುದಿಲ್ಲವೇ? ಮೂರು ವರ್ಷದ ಮಗಳು ಈ ನಾಯಿಗಳ ಜೊತೆಯಲ್ಲಿಯೇ ಆಡುತ್ತಾಳೆಂಬುದು ಈಗ ನಿದ್ದೆಗೆಡಿಸಿದೆ.


ನಿವೃತ್ತ ಪಶುವೈದ್ಯ, ಹಾವೇರಿ

ಎಲುಬಿಲ್ಲದ ಮಾಂಸವನ್ನೇ ಕೊಟ್ಟದ್ದರಿಂದ ಹೀಗಾಗಿದೆ. ಮಾಂಸಖಂಡದಲ್ಲಿ ಸುಣ್ಣಾಂಶಕ್ಕಿಂತ ರಂಜಕ ಹದಿನೈದು ಇಪ್ಪತ್ತು ಪಟ್ಟು ಹೆಚ್ಚಿರುತ್ತದೆ. ಬೆಳೆಯುವ ಮರಿಗೆ ಎರಡೂ ಹೆಚ್ಚುಕಡಿಮೆ ಸಮನಾಗಿದ್ದು, ಸುಣ್ಣವೇ ತುಸು ಮುಂದಿರಬೇಕು. ರಕ್ತದಲ್ಲಿ ಸುಣ್ಣ ಕಡಿಮೆಯಾದಾಗ ಪ್ಯಾರಾಥೈರಾಯ್ಡ್ ಗ್ರಂಥಿಯು ಮರಿಯ ಎಲುಬುಗಳಿಂದಲೇ ಅದನ್ನು ಸೆಳೆದು ತುಂಬಿಸುತ್ತದೆ, ಎಲುಬು ತೆಳುವಾಗಿ ಬಾಗುತ್ತದೆ, ಕೆಲವೊಮ್ಮೆ ನೆಗೆದರೂ ಮುರಿಯುತ್ತದೆ. ಗಾಬರಿಯಾಗಿ ಸುಣ್ಣದ ಟಾನಿಕ್ ಕುಡಿಸಬೇಡಿ, ನವಲಗುಂದದವರು ಹೇಳಿದ ಸಿಪ್ಪೆಯ ಪುಡಿಯನ್ನೂ ಮರಿಗೆ ಅಂದಾಜಿನಲ್ಲಿ ಹಾಕಬೇಡಿ. ದೊಡ್ಡ ತಳಿಯ ಮರಿಗೆ ಸುಣ್ಣ ಅತಿಯಾದರೂ ಎಲುಬು ಕೆಡುತ್ತದೆ. ಎಕ್ಸ್‌ರೇ ತೆಗೆಸಿ, ಮರಿಗಳಿಗೆಂದೇ ತಯಾರಾದ ಸಮತೋಲನದ ಆಹಾರವನ್ನು ಕೊಟ್ಟು, ಎಲುಬು ಗಟ್ಟಿಯಾಗುವವರೆಗೆ ಜಿಗಿಯದಂತೆ ಮೆತ್ತನೆಯ ಜಾಗದಲ್ಲಿ ಕಟ್ಟಿಹಾಕಿ. ಬೇಗ ಗುರುತಿಸಿದರೆ ಬಹುಪಾಲು ಮರಿಗಳು ಸುಧಾರಿಸುತ್ತವೆ, ಬಾಗಿದ್ದು ಮಾತ್ರ ಸ್ವಲ್ಪ ಉಳಿದುಕೊಳ್ಳಬಹುದು.

ಮೈನಸ್ 18, 20 ಡಿಗ್ರಿಯಲ್ಲಿ ಹತ್ತು ದಿನ ಅಲುಗದೆ ಇದ್ದರೆ ಗುಳ್ಳೆಯೊಳಗಿನ ಹುಳುಮರಿಗಳು ಸಾಯುತ್ತವೆ, ಆದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನ ಮನೆಬಳಕೆಯ ಫ್ರಿಜ್ಜನ್ನು, ಅದೂ ಮಗುವಿನ ಹಾಲಿಡುವ ಫ್ರಿಜ್ಜನ್ನು, ಇದಕ್ಕೆ ನಂಬಬೇಡಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕುದಿಸಿದರೆ ಎರಡೂ ಭಯ ತೀರುತ್ತದೆ.

ಮಗಳ ವಿಷಯ. ನಾಯಿ ಗುಳ್ಳೆ ತಿಂದ ಮಾತ್ರಕ್ಕೆ ಮಗುವಿಗೆ ರೋಗ ಬಂತೆಂದಲ್ಲ. ಕೈ ತೊಳೆಯುವ ರೂಢಿ ಮಾಡಿಸಿ, ನಾಯಿ ಮುಖ ನೆಕ್ಕದಂತೆ ನೋಡಿಕೊಳ್ಳಿ, ಮಕ್ಕಳ ವೈದ್ಯರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಿ. ಮುಂದೆ ಯಾವಾಗ ಹೊಟ್ಟೆಯ ಸ್ಕ್ಯಾನ್ ಬೇಕೆಂಬುದನ್ನು ಅವರು ತೀರ್ಮಾನಿಸುತ್ತಾರೆ.


ಶಿರಹಟ್ಟಿ ಮಾಸ್ತರ (ಏಳು ವಾರಗಳ ಬಳಿಕ)

ಮುಂದೇನಾಯಿತೆಂಬುದನ್ನು ತಿಳಿಸಲು ಬರೆಯುತ್ತಿದ್ದೇನೆ. ನಾಯಿಗಳನ್ನು ತೂಗಲು ಮಾಡಿದ ಸಾಹಸ ಬೇರೆಯೇ ಕಥೆ. ಕಡೆಗೆ ತಂದೆಯವರು ಒಂದೊಂದನ್ನೂ ಎತ್ತಿಕೊಂಡು ಹತ್ತಿಯ ತಕ್ಕಡಿಯ ಮೇಲೆ ನಿಂತರು, ಬಳಿಕ ಅವರ ತೂಕವನ್ನು ಕಳೆದೆವು. ಎರಡನೆಯ ಸುತ್ತಿನ ಮಾತ್ರೆಯೂ ಕಳೆದ ವಾರ ಮುಗಿಯಿತು. ಎಕ್ಸ್‌ರೇಯಲ್ಲಿ ಮರಿಯ ಎಲುಬು ತೆಳುವಾಗಿದ್ದುದು ಸ್ಪಷ್ಟವಾಗಿ ಕಂಡಿತ್ತು. ಈಗ ಅದು ಕುಂಯ್‌ಗುಡದೆ ನಡೆಯುತ್ತಿದೆ, ಎಡಗಾಲಿನ ಬಾಗು ಮಾತ್ರ ಉಳಿದಿದೆ. ಮಕ್ಕಳ ವೈದ್ಯರು ಮಗಳ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು, ಏನೂ ಕಾಣಲಿಲ್ಲ. ವರ್ಷ ಬಿಟ್ಟು ಮತ್ತೊಮ್ಮೆ ನೋಡೋಣ ಎಂದಿದ್ದಾರೆ.

ಅಂಗಡಿಯಿಂದ ಈಗ ಮಾಂಸದ ಚೂರು, ಕೊಬ್ಬು ಮಾತ್ರ ತರುತ್ತೇನೆ. ಹಳೆಯ ಸ್ನಾನದ ಹಂಡೆಯಲ್ಲಿ ನುಚ್ಚಿನ ಜೊತೆ ಅದನ್ನು ಬೇಯಿಸುವ ಕೆಲಸವನ್ನು ತಂದೆಯವರೇ ವಹಿಸಿಕೊಂಡಿದ್ದಾರೆ. ಅವರದೊಂದು ದೂರು ಉಳಿದಿದೆ: ಬೇಯುವ ವಾಸನೆಗೆ ಊರ ಬೀದಿನಾಯಿಗಳೆಲ್ಲ ಸಂಜೆ ಹಟ್ಟಿಯ ಸುತ್ತ ಬಂದು ಕೂರುತ್ತವೆ.


ಹಟ್ಟಿಯವಳು, ರೋಣ

ಕೂರಲು ಬಿಡಬೇಡಿ ಮಾಸ್ತರೇ. ಅವುಗಳಿಗೆ ಯಾರೂ ಮಾತ್ರೆ ಕೊಟ್ಟಿರುವುದಿಲ್ಲ, ಅವುಗಳ ಮಲ ಬೀಳುವುದು ನಿಮ್ಮ ಕುರಿ ಮೇಯುವ ಹುಲ್ಲಿನ ಮೇಲೆಯೇ. ಒಲೆಯನ್ನು ದಡ್ಡಿಯಿಂದ ದೂರ, ಮನೆಯ ಹಿತ್ತಿಲಿಗೆ ಒಯ್ಯಿರಿ, ಹಂಡೆಯ ಮುಚ್ಚಳದ ಮೇಲೆ ಕಲ್ಲು ಹೇರಿ, ಉಂಡ ಕೂಡಲೇ ತಟ್ಟೆಗಳನ್ನು ಎತ್ತಿಬಿಡಿ. ನಮ್ಮಲ್ಲಿ ನಾಯಿಗಳನ್ನು ಒಂದೊಂದಾಗಿ ಕಟ್ಟಿ ಉಣ್ಣಿಸುತ್ತೇವೆ, ಉಳಿಸಿದ್ದನ್ನು ಬಯಲಿಗೆ ಚೆಲ್ಲುವುದಿಲ್ಲ.